ಚಲಚ್ಚಿತ್ರಗಳಲ್ಲಿ ಪ್ರತಿನಾಯಕನ ಆಹಾರ್ಯ

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯೆಂಬುದು ನಾಟ್ಯಶಾಸ್ತ್ರವನ್ನು ಬಲ್ಲವರಿಗೆಲ್ಲ ವಿದಿತವಾದ ಸಂಗತಿ. ಇವುಗಳಲ್ಲಿ ಆಹಾರ್ಯವೆಂದರೆ ಹೊರಗಿನಿಂದ ತಂದು ನಟನಿಗೆ ತೊಡಿಸುವಂಥದು. ಉಡುಪು, ಒಡವೆ, ಬಣ್ಣ, ಕೃತಕಕೇಶ, ಆಯುಧ, ಆಸನ ಮೊದಲಾದುವೆಲ್ಲ ಇದರಲ್ಲಿಯೇ ಅಡಕವಾಗುತ್ತವೆ. ಈಚಿನ ಆಲಂಕಾರಿಕರು ಸಾತ್ತ್ವಿಕಕ್ಕೆ ಅಗ್ರಪೂಜೆಯನ್ನು ಸಲ್ಲಿಸಿ, ಆಹಾರ್ಯವನ್ನು ನೇಪಥ್ಯದವರ ಪಾಲಿಗೆ ಬಿಟ್ಟುಬಿಟ್ಟರು. ಭರತಮುನಿಯು ಹಾಗೆ ಮಾಡಲಿಲ್ಲ. ಪ್ರಯೋಗವೆಲ್ಲವೂ ಆಹಾರ್ಯವನ್ನು ನೆಮ್ಮಿ ನಿಂತಿದೆಯೆಂಬುದು ಅವನ ಮತ. ಆದುದರಿಂದಲೇ ಅದಕ್ಕೆ ಒಂದು ಅಧ್ಯಾಯವನ್ನು ಮೀಸಲಾಗಿಟ್ಟು, ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕಾಗಿ ವಿಭಾಗಿಸಿ ವಿವರಿಸಿರುವನು.

ಹಿಂದೀ ಚಲಚ್ಚಿತ್ರಗಳಲ್ಲಿ, ಅದರಲ್ಲಿಯೂ ೧೯೭೦ರಿಂದ ೧೯೯೦ರವರೆಗಿನ ಎರಡು ದಶಕಗಳಲ್ಲಿ, ಖಳನಾಯಕರು ತೊಟ್ಟ ಉಡುಪನ್ನು ಕಂಡು ಇಂದಿನವರು ನಗುತ್ತಾರೆ. ಮಿರುಗುವ ಕೋಟು, ಹೊಂಬಣ್ಣದ ಕೂದಲು, ಹತ್ತು ಬೆರಳಿಗೂ ಉಂಗುರ, ಬಿಳಿಯ ಪಾದರಕ್ಷೆ, ಬೋಳುತಲೆ, ಇವು ವಿನೋದಕ್ಕೆ ವಿಷಯವಾಗಿವೆಯೇ ಹೊರತು ವಿಚಾರಕ್ಕೆ ವಿಷಯವಾಗಿಲ್ಲ. ವಿಚಾರ ಮಾಡಿದ ಕೆಲವರಾದರೂ ಇದು ಪಾಶ್ಚಾತ್ಯ ಚಿತ್ರಗಳ ಅನುಕರಣವೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತಾರೆ. ಈ ಪೂರ್ವಪಕ್ಷದಲ್ಲಿ ಸ್ವಲ್ಪ ಸತ್ಯವುಂಟು. ಅದನ್ನು ಮುಂದೆ ಒಪ್ಪಿಕೊಳ್ಳುವೆನು. ಆದರೆ ಈ ವೇಷದ ಬೇರು ನಮ್ಮ ನೆಲದಲ್ಲಿಯೇ ಇದೆ, ಅದೂ ಒಂದಲ್ಲ, ಎರಡು ಬೇರುಗಳಿವೆ ಎಂಬುದೇ ನನ್ನ ಪ್ರತಿಪಾದ್ಯ ವಿಷಯ.

ಮೊದಲನೆಯದು ಧೀರೋದ್ಧತನದು. ಹತ್ತನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯನು ತನ್ನ ದಶರೂಪಕದಲ್ಲಿ ಪ್ರತಿನಾಯಕನ ಲಕ್ಷಣವನ್ನು ಹೇಳುವಾಗ, ಅವನು ನಾಯಕನಿಗೆ ಶತ್ರು, ಲೋಭಿ, ಪಾಪಕಾರಿ, ವ್ಯಸನಿ ಎಂಬುದರೊಡನೆ ಧೀರೋದ್ಧತನೆಂಬುದನ್ನೂ ಸೇರಿಸಿರುವನು. ಧೀರೋದ್ಧತನೆಂದರೆ ದರ್ಪ, ಮಾತ್ಸರ್ಯ, ಮಾಯೆ, ಆತ್ಮಪ್ರಶಂಸೆ ಇವುಗಳಿಂದ ಕೂಡಿದವನು. ರಾವಣನೇ ಇದಕ್ಕೆ ಪರಮೋದಾಹರಣೆ. ಇಂಥವನ ವೇಷವು ಕುರೂಪವಾಗಿರಬೇಕಾಗಿಲ್ಲ, ಭವ್ಯವಾಗಿರಬೇಕು. ಶತ್ರುವು ಅಲ್ಪನಾದರೆ ನಾಯಕನ ಜಯವೂ ಅಲ್ಪವಾಗುವುದಷ್ಟೆ.

ಎರಡನೆಯದು ಶಕಾರನದು. ಇದನ್ನು ವಿದ್ವಾಂಸರು ಚಲಚ್ಚಿತ್ರಗಳೊಡನೆ ಸೇರಿಸಿ ನೋಡಿದ್ದು ವಿರಳ. ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಪಾತ್ರಲಕ್ಷಣಗಳನ್ನು ಹೇಳುವಲ್ಲಿ ಭರತನು ಶಕಾರನಿಗೆ ಮೊಟ್ಟಮೊದಲು ಕೊಟ್ಟ ವಿಶೇಷಣವು ಅವನ ಗುಣಕ್ಕೆ ಸಂಬಂಧಪಟ್ಟುದಲ್ಲ, ಉಡುಪಿಗೆ ಸಂಬಂಧಪಟ್ಟುದು: ಅವನು ಹೊಳೆಹೊಳೆಯುವ ವಸ್ತ್ರಾಭರಣಗಳನ್ನು ತೊಟ್ಟವನು. ಆಮೇಲೆ ಬರುವ ಲಕ್ಷಣ, ಕಾರಣವಿಲ್ಲದೆ ಸಿಟ್ಟಾಗುವನು, ಹಾಗೆಯೇ ಕಾರಣವಿಲ್ಲದೆ ಪ್ರಸನ್ನನಾಗುವನು ಎಂಬುದು. ಈ ಎರಡನ್ನೂ ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.

ಶೂದ್ರಕನ ಮೃಚ್ಛಕಟಿಕದಲ್ಲಿ ಈ ಶಕಾರನು ಸಂಸ್ಥಾನಕನೆಂಬ ಹೆಸರಿನಿಂದ ಬರುತ್ತಾನೆ; ರಾಜನ ಮೈದುನ. ರಾಮಾಯಣವನ್ನೂ ಭಾರತವನ್ನೂ ಕಲಸಿ ಮಾತನಾಡುವ ಇವನ ಪಾಂಡಿತ್ಯಕ್ಕೆ ಪಾಠಶಾಲೆಯಲ್ಲಿ ನಗದ ವಿದ್ಯಾರ್ಥಿಯಿಲ್ಲ. ಆದರೆ ಆ ನಾಟಕದಲ್ಲಿ ಬರುವ ಎರಡು ಹೊದಿಕೆಗಳನ್ನು ಎದುರುಬದುರಾಗಿಟ್ಟು ನೋಡಿದವರು ಕಡಮೆ. ಬಡವನಾದ ಚಾರುದತ್ತನಿಗೆ ಜಾಜಿಯ ಪರಿಮಳವುಳ್ಳ ಒಂದು ಪ್ರಾವಾರಕವಿದೆ. ಅದೂ ಗೆಳೆಯನು ಕಳುಹಿಸಿದ್ದು. ಮೊದಲನೆಯ ಅಂಕದಲ್ಲಿ ಅವನು ಅದನ್ನು ಕತ್ತಲಲ್ಲಿ ಗುರುತುತಪ್ಪಿ ವಸಂತಸೇನೆಯ ಕೈಗೆ ಕೊಡುವನು. ಎರಡನೆಯ ಅಂಕದಲ್ಲಿ, ಮದಿಸಿದ ಆನೆಯಿಂದ ಒಬ್ಬ ಸಂನ್ಯಾಸಿಯನ್ನು ಬಿಡಿಸಿದ ಕರ್ಣಪೂರಕನಿಗೆ, ಕೊಡಲು ಒಡವೆಯಿಲ್ಲದೆ, ಅದನ್ನೇ ಕೊಟ್ಟುಬಿಡುವನು. ಎಂಟನೆಯ ಅಂಕದಲ್ಲಿ ಶಕಾರನ ಪ್ರಾವಾರಕವು ಬರುತ್ತದೆ: ಅಗಲವಾದದ್ದು, ಉದ್ದನೆಯ ಅಂಚಿನದು, ನೂರಾರು ಎಳೆಗಳ ಕುಚ್ಚಿನದು. ಅದನ್ನು ಅವನು ವಿಟನಿಗೆ ಕೊಡುತ್ತೇನೆನ್ನುವುದು ವಸಂತಸೇನೆಯನ್ನು ಕೊಲ್ಲುವುದಕ್ಕೆ ಲಂಚವಾಗಿ. ವಸ್ತ್ರವೊಂದೇ. ಒಬ್ಬನಲ್ಲಿ ಅದು ಮೈಯಿಂದ ಇಳಿದು ದಾನವಾಗುತ್ತದೆ, ಇನ್ನೊಬ್ಬನಲ್ಲಿ ಕೊಲೆಯ ಕೂಲಿಯಾಗುತ್ತದೆ. ಖಳನ ಉಡುಪಿನ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದುದನ್ನು ಭಾರತೀಯರು ಆಮೇಲೆ ಬರೆದಂತೆ ನನಗೆ ತೋರುವುದಿಲ್ಲ.

ಶಾಸ್ತ್ರವು ಹಾಗಿರಲಿ, ರಂಗದ ಸಂಪ್ರದಾಯವು ಏನು ಹೇಳುತ್ತದೆ? ನಮ್ಮ ಕರಾವಳಿಯ ಯಕ್ಷಗಾನದಲ್ಲಿ, ಅದರಲ್ಲಿಯೂ ತೆಂಕುತಿಟ್ಟಿನಲ್ಲಿ, ರಾಕ್ಷಸಪಾತ್ರಕ್ಕೆ ‘ಬಣ್ಣದ ವೇಷ’ವೆಂದೇ ಹೆಸರು. ಉಳಿದ ವೇಷಗಳಿಗೆ ಬಣ್ಣವಿಲ್ಲವೆಂದಲ್ಲ. ಬಣ್ಣವೆಂದರೆ ಅದೇ ಎಂಬಷ್ಟರಮಟ್ಟಿಗೆ ಅದರ ಪ್ರಾಧಾನ್ಯ. ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಮುಖದ ಮೇಲೆ ಸಾಲುಸಾಲಾಗಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ತೆರೆಯ ಹಿಂದಿನ ಆರ್ಭಟ, ದೀವಟಿಗೆಗೆ ಎರಚಿದ ರಾಳದ ಪುಡಿ ಭಗ್ಗನೆ ಹೊತ್ತಿದ ಬೆಳಕು, ಅನಂತರ ಒಡ್ಡೋಲಗ. ಕಥೆಯು ಮುಂದುವರಿಯುವ ಮೊದಲೇ ಸಭೆಗೆ ಇವನಾರೆಂಬುದು ತಿಳಿದುಹೋಗಿರುತ್ತದೆ. ಕೇರಳದ ಕಥಕಳಿಯಲ್ಲಿ ರಾವಣನಿಗೆ ಕತ್ತಿವೇಷ: ಮುಖದ ಹಸುರು ನಾಯಕನ ‘ಪಚ್ಚೆ’ಯದೇ, ಅದರ ಮೇಲೆ ಕತ್ತಿಯ ಆಕಾರದಲ್ಲಿ ಕೆಂಪು, ಮೂಗಿನ ತುದಿಯಲ್ಲಿಯೂ ಹಣೆಯಲ್ಲಿಯೂ ಬಿಳಿಯ ಗುಂಡು. ಕುಲೀನತೆಯನ್ನು ಅಳಿಸದೆ ಅದರ ಮೇಲೆಯೇ ದೋಷವನ್ನು ಬರೆಯುವ ಈ ಕ್ರಮವು ಧನಂಜಯನ ಲಕ್ಷಣಕ್ಕೆ ವ್ಯಾಖ್ಯಾನದಂತಿದೆ. ರಾತ್ರಿಯ ಪಂಜಿನ ಬೆಳಕಿನಲ್ಲಿ, ದೂರದಲ್ಲಿ ಕುಳಿತ ಸಾವಿರ ಜನಕ್ಕೆ ಕಾಣಬೇಕಾದರೆ ಪಾಪವು ಮುಖದಲ್ಲಿಯೂ ಕಿರೀಟದಲ್ಲಿಯೂ ಇರಬೇಕು, ಮನಸ್ಸಿನಲ್ಲಿದ್ದರೆ ಸಾಲದು.

ಈ ಆಹಾರ್ಯವು ಬಯಲಿನಿಂದ ನಾಟಕಕಂಪೆನಿಗಳ ಪರದೆಯ ರಂಗಕ್ಕೂ, ಅಲ್ಲಿಂದ ಚಲಚ್ಚಿತ್ರಕ್ಕೂ ಬಂದಿತು. ೧೯೩೪ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ‘ಸತೀ ಸುಲೋಚನ’ದಲ್ಲಿ ರಾವಣನಾಗಿ ಆರ್. ನಾಗೇಂದ್ರರಾಯರೂ ಇಂದ್ರಜಿತುವಾಗಿ ಸುಬ್ಬಯ್ಯನಾಯುಡು ಅವರೂ ಅಭಿನಯಿಸಿದರು, ಇಬ್ಬರೂ ರಂಗಭೂಮಿಯವರು. ಕನ್ನಡಿಗರ ಮಾತಿನ ಚಿತ್ರವು ಹುಟ್ಟಿದ್ದೇ ಲಂಕೆಯ ಪಕ್ಷದಲ್ಲಿ ಎಂದರೆ ವಿನೋದವಾದೀತು, ಅಸತ್ಯವಾಗದು. ೧೯೫೮ರ ‘ಭೂಕೈಲಾಸ’ದಲ್ಲಿ ರಾವಣನ ವೇಷವನ್ನೂ, ೧೯೮೩ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಿನ ವೇಷವನ್ನೂ ತೊಟ್ಟವರು ಕನ್ನಡ ಪ್ರೇಕ್ಷಕರ ಪರಮಪ್ರಿಯ ನಾಯಕರಾದ ರಾಜಕುಮಾರರೇ. ಪ್ರತಿನಾಯಕನ ಕಿರೀಟವನ್ನು ಹೊರುವುದು ನಾಯಕನಟನಿಗೆ ಕುಂದೆಂದು ಇಲ್ಲಿ ಯಾರೂ ಎಣಿಸಲಿಲ್ಲ. ಇನ್ನು ವಜ್ರಮುನಿಯವರು ‘ಪ್ರಚಂಡ ರಾವಣ’ ನಾಟಕದಿಂದ ಹೆಸರಾಗಿ, ೧೯೬೯ರ ‘ಮಲ್ಲಮ್ಮನ ಪವಾಡ’ದ ಮೂಲಕ ಚಲಚ್ಚಿತ್ರಕ್ಕೆ ಬಂದವರು. ಆಮೇಲೆ ಅವರು ಎಷ್ಟೋ ಚಿತ್ರಗಳಲ್ಲಿ ಹಳ್ಳಿಯ ಸಾಹುಕಾರರಾಗಿ ನಟಿಸಿದಾಗ ಕಿರೀಟವು ಮಾತ್ರ ಹೋಗಿತ್ತು. ಧ್ವನಿಯೂ ನಡೆಯೂ ಲಂಕೆಯವೇ ಆಗಿದ್ದುವು.

ಪೌರಾಣಿಕ ಚಿತ್ರಗಳಲ್ಲಿ ಹೀಗೆ ಹಾದಿಯು ನೇರವಾಗಿತ್ತು. ಸಾಮಾಜಿಕ ಚಿತ್ರಗಳು ಬಂದಾಗ ತೊಡಕು ಹುಟ್ಟಿತು. ಪಕ್ಕದ ಮನೆಯವನಂತೆ ಕಾಣುವ ಮನುಷ್ಯನ ಮೇಲೆ ಪಾಪವನ್ನು ಬರೆಯುವುದೆಂತು? ಮುಂಬಯಿಯ ಚಿತ್ರಗಳಲ್ಲಿ ಕೆ. ಎನ್. ಸಿಂಗ್ ಅವರು ಇದಕ್ಕೆ ಕಂಡುಕೊಂಡ ಉತ್ತರವು ಅಚ್ಚುಕಟ್ಟಾದ ಕೋಟು, ಹ್ಯಾಟು, ಬೆರಳ ನಡುವೆ ಸಿಗರೇಟು, ಮೇಲಕ್ಕೆತ್ತಿದ ಹುಬ್ಬು. ಕಪ್ಪುಬಿಳುಪಿನ ಚಿತ್ರದಲ್ಲಿ ಬಣ್ಣದ ಸಹಾಯವಿಲ್ಲ. ಆಕಾರದಿಂದಲೇ ಎಲ್ಲವನ್ನೂ ಸಾಧಿಸಬೇಕು. ಪರಂಗಿಯವರ ಆಳ್ವಿಕೆಯು ಆಗತಾನೆ ಮುಗಿದಿದ್ದ ಕಾಲದಲ್ಲಿ ಧೋತರದವರ ನಡುವೆ ಹ್ಯಾಟು ಯಾವ ಅರ್ಥವನ್ನು ಹೊತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೬೦ರ ದಶಕದಲ್ಲಿ ವರ್ಣಚಿತ್ರವು ಬಳಕೆಗೆ ಬಂದಿತು. ಕನ್ನಡದ ಮೊದಲನೆಯ ಪೂರ್ಣವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ಬಂದುದು ೧೯೬೪ರಲ್ಲಿ. ಇದೇ ಕಾಲದಲ್ಲಿ ರಾಜ್ಯಶಾಸನವೂ ಖಳನ ನೇಪಥ್ಯಕ್ಕೆ ಒಂದು ಉಪಕಾರವನ್ನು ಮಾಡಿತು. ಚೀನಾಯುದ್ಧದ ತರುವಾಯ ೧೯೬೩ರಲ್ಲಿ ಸುವರ್ಣನಿಯಂತ್ರಣದ ನಿಯಮಗಳು ಹೊರಟು, ೧೪ ಕ್ಯಾರಟ್ಟಿಗೆ ಮೀರಿದ ಚಿನ್ನದಿಂದ ಹೊಸ ಒಡವೆಯನ್ನು ಮಾಡಕೂಡದೆಂದಾಯಿತು. ೧೯೬೮ರಲ್ಲಿ ಅಧಿನಿಯಮವೇ ಬಂದಿತು. ಅದು ರದ್ದಾದುದು ೧೯೯೦ರಲ್ಲಿ. ವಿದೇಶದ ವಸ್ತುಗಳ ಆಮದಿಗೂ ಬಿಗಿಯಾದ ಕಟ್ಟುಗಳಿದ್ದುವು. ಸಭೆಯಲ್ಲಿ ಕುಳಿತ ಗುಮಾಸ್ತನೂ ಕೂಲಿಯವನೂ ತೆರೆಯ ಮೇಲೆ ಹೊರದೇಶದ ಕೈಗಡಿಯಾರವನ್ನೋ ಮದ್ಯದ ಬಾಟಲಿಯನ್ನೋ ಜಾರುವಂಥ ನಯವಾದ ಬಟ್ಟೆಯನ್ನೋ ಕಂಡರೆ, ಅದು ನ್ಯಾಯವಾಗಿ ಬಂದಿರಲಾರದೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಳ್ಳಸಾಗಣೆಯು ಚಿತ್ರಗಳ ಮುಖ್ಯಪಾತಕವಾದುದೂ ಖಳನ ಮೈಮೇಲೆ ಹೊಳಪು ಹೆಚ್ಚಿದುದೂ ಒಂದೇ ಕಾರಣದಿಂದ. ಶಕಾರನ ಉಜ್ಜ್ವಲವಸ್ತ್ರವು ಹೀಗೆ ಸಾಕ್ಷ್ಯವಾಗಿ ಪರಿಣಮಿಸಿತು. ೧೯೭೩ರ ‘ಯಾದೋಂ ಕೀ ಬಾರಾತ್’ ಚಿತ್ರದಲ್ಲಿ ಈ ಮಾತು ಅಕ್ಷರಶಃ ನಿಜ: ಅಜಿತರು ಅಭಿನಯಿಸಿದ ಶಾಕಾಲನ ಎರಡು ಪಾದರಕ್ಷೆಗಳು ಬೇರೆಬೇರೆ ಅಳತೆಯವು, ಅದರಿಂದಲೇ ಅವನ ಗುರುತು ಹತ್ತುವುದು.

ಇಲ್ಲಿ ಗಮನಿಸಬೇಕಾದುದೊಂದುಂಟು. ಆ ಚಿತ್ರವನ್ನೂ, ಅದೇ ವರ್ಷದ ‘ಜಂಜೀರ್’ ಅನ್ನೂ, ೧೯೭೫ರ ‘ಶೋಲೇ’ಯನ್ನೂ, ೧೯೮೦ರ ‘ಶಾನ್’ ಅನ್ನೂ, ೧೯೮೭ರ ‘ಮಿಸ್ಟರ್ ಇಂಡಿಯಾ’ವನ್ನೂ ಬರೆದವರು ಸಲೀಂ-ಜಾವೇದರೆಂಬ ಇಬ್ಬರೇ. ತೇಜಾ, ಗಬ್ಬರ್‌ಸಿಂಗ್, ಇಬ್ಬರು ಶಾಕಾಲರು, ಮೊಗ್ಯಾಂಬೋ ಇವರೆಲ್ಲರೂ ಒಂದೇ ಲೇಖನಿಯ ಸಂತಾನ. ಆದುದರಿಂದ ಈ ವೇಷಪರಂಪರೆಯನ್ನು ದರ್ಜಿಗಳ ವಿಲಾಸವೆಂದು ತಳ್ಳಿಹಾಕುವುದು ಉಚಿತವಲ್ಲ, ಇದರಲ್ಲಿ ಕವಿಸಂಕಲ್ಪವೊಂದಿದೆ.

‘ಶೋಲೇ’ ಈ ಪರಂಪರೆಗೆ ಅಪವಾದದಂತೆ ಕಾಣುತ್ತದೆ. ಅದನ್ನು ಚಿತ್ರಿಸಿದುದು ನಮ್ಮ ರಾಮನಗರದ ಬಂಡೆಗಳ ನಡುವೆ. ಅದಕ್ಕೆ ಹಿಂದಿನ ಚಿತ್ರಗಳ ದರೋಡೆಕಾರನು ಧೋತರವನ್ನುಟ್ಟು, ಹಣೆಗೆ ಉದ್ದನೆಯ ತಿಲಕವನ್ನಿಟ್ಟು, ಕುದುರೆಯೇರಿ ಬರುತ್ತಿದ್ದನು. ಅಮ್ಜದ್‌ಖಾನರ ಗಬ್ಬರನು ತೊಟ್ಟಿದ್ದು ಕೊಳೆಯಾದ ಸೈನಿಕರ ಉಡುಪು. ಅದನ್ನು ಮುಂಬಯಿಯ ಚೋರಬಜಾರಿನಿಂದ ಕೊಂಡು ತಂದರೆಂದು ಆ ಚಿತ್ರದ ಚರಿತ್ರೆಯನ್ನು ಬರೆದವರು ಹೇಳಿರುವರು. ಹೊಳಪೆಂಬುದು ಲೇಶವೂ ಇಲ್ಲ. ಆದರೂ ಅವನ ಪ್ರವೇಶವನ್ನು ನೆನೆಯಿರಿ: ಮೊದಲು ಮುಖವಿಲ್ಲ, ಬಂಡೆಯ ಮೇಲೆ ನಡೆದಾಡುವ ಬೂಟುಗಳು, ಕೈಯಿಂದ ಜೋತು ಕಲ್ಲಿಗೆ ಉಜ್ಜುತ್ತ ಸದ್ದುಮಾಡುವ ಚರ್ಮದ ಪಟ್ಟಿ, ಸುತ್ತಲೂ ಉಸಿರು ಬಿಗಿಹಿಡಿದ ಅನುಚರರು, ಬಹುಹೊತ್ತಿನ ಮೇಲೆ ಮುಖದರ್ಶನ. ಇದು ತೆರೆಯ ಹಿಂದಿನ ಆರ್ಭಟವಲ್ಲದೆ ಮತ್ತೇನು? ಪಟ್ಟಿಯ ಸದ್ದೇ ಚಂಡೆ, ಬಂಡೆಯೇ ರಂಗಸ್ಥಳ. ವೇಷವು ಬದಲಾಯಿತು; ಒಡ್ಡೋಲಗದ ವಿಧಾನವು ಬದಲಾಗಲಿಲ್ಲ.

ಈಗ ಪೂರ್ವಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವೆನು. ‘ಶಾನ್’ ಚಿತ್ರದಲ್ಲಿ ಕುಲಭೂಷಣ ಖರಬಂದಾ ಅವರ ಶಾಕಾಲನು ಬೋಳುತಲೆಯವನು, ದ್ವೀಪವಾಸಿ, ಯಂತ್ರಗಳ ನಡುವೆ ಕುಳಿತು ಆಜ್ಞಾಪಿಸುವವನು. ಇವನ ಮೂಲವು ಆಂಗ್ಲರ ಜೇಮ್ಸ್ ಬಾಂಡ್ ಚಿತ್ರಗಳ ಬ್ಲೋಫೆಲ್ಡನೆಂಬುದು ಸ್ಪಷ್ಟ. ಆದರೆ ಸಮುದ್ರಮಧ್ಯದ ದುರ್ಗದಲ್ಲಿದ್ದುಕೊಂಡು ಲೋಕಕಂಟಕನಾದ ಪ್ರಭುವನ್ನು ಒಪ್ಪಿಕೊಳ್ಳುವುದಕ್ಕೆ ರಾಮಾಯಣವನ್ನು ಕೇಳಿ ಬೆಳೆದ ಜನಕ್ಕೆ ಬ್ಲೋಫೆಲ್ಡನ ಪರಿಚಯವು ಬೇಕಾಗಿರಲಿಲ್ಲ. ಬೀಜವು ಹೊರಗಿನಿಂದ ಬಂದಿತು. ಹದವಾದ ಭೂಮಿ ಇಲ್ಲಿ ಮೊದಲೇ ಇತ್ತು.

‘ಮಿಸ್ಟರ್ ಇಂಡಿಯಾ’ದ ಮೊಗ್ಯಾಂಬೋನಲ್ಲಿ ಎರಡು ಬೇರುಗಳೂ ಕೂಡಿಕೊಂಡುವು. ಶೇಖರ್ ಕಪೂರರು ನಿರ್ದೇಶಿಸಿದ ಆ ಚಿತ್ರದಲ್ಲಿ ಅಮರೀಶ್ ಪುರಿಯವರು ಈ ಪಾತ್ರವನ್ನು ವಹಿಸಿದರು. ಅವರ ಉಡುಪನ್ನು ಹೊಲಿದವರು ಮುಂಬಯಿಯ ಮಾಧವ ಅಗಸ್ತಿ ಎಂಬ ಪ್ರಸಿದ್ಧ ದರ್ಜಿ. ಹೊಂಬಣ್ಣದ ಕೃತಕಕೇಶ, ಭುಜಗಳ ಮೇಲೆ ಸೇನಾಪತಿಯ ಭುಜಪಟ್ಟಿ, ಕೋಟಿನ ಮೇಲೆ ಸುವರ್ಣವರ್ಣದ ಕಸೂತಿ, ಕಾಲಿಗೆ ಎತ್ತರದ ಬೂಟು, ಬೆರಳುಗಳಲ್ಲಿ ಉಂಗುರ. ಇದು ಯಾವ ದೇಶದ ರಾಜವೇಷ? ಯಾವ ದೇಶದ್ದೂ ಅಲ್ಲ. ನಾಟಕಕಂಪೆನಿಯ ಪೆಟ್ಟಿಗೆಯಲ್ಲಿದ್ದ ನಾನಾ ರಾಜರ ಉಡುಪುಗಳಿಂದ ಒಂದೊಂದನ್ನು ಎತ್ತಿ ಕೂಡಿಸಿದಂತಿದೆ. ರಾವಣನ ಹತ್ತು ತಲೆಗಳು ಅವನು ಹತ್ತು ಜನರ ಬಲವನ್ನು ಕಸಿದವನೆಂದು ತೋರುವಂತೆ, ಈ ವೇಷವು ಇವನು ಅನೇಕ ದೇಶಗಳ ಅಧಿಕಾರಚಿಹ್ನೆಗಳನ್ನು ಕಸಿದವನೆಂದು ತೋರಿಸುತ್ತದೆ. ಸಿಂಹಾಸನದ ಕೈಯಲ್ಲಿರುವ ಗೋಲದ ಮೇಲೆ ಉಂಗುರದ ಬೆರಳುಗಳು ಆಡುವಾಗ ಹೊರಡುವ ಸದ್ದಿನಲ್ಲಿ ಆಹಾರ್ಯವೇ ವಾಚಿಕವಾಗುತ್ತದೆ. ಇಷ್ಟು ಧೀರೋದ್ಧತನ ಭಾಗ. ಇನ್ನು ಕಾರಣವಿಲ್ಲದೆ ಕುಪಿತನಾಗುವುದು, ಕಾರಣವಿಲ್ಲದೆ ಪ್ರಸನ್ನನಾಗುವುದು? ತನ್ನ ಸೈನಿಕರು ಎಣಿಕೆ ಮುಗಿದೊಡನೆ ಆಮ್ಲದ ಕುಂಡಕ್ಕೆ ಧುಮುಕಬೇಕೆಂದು ಆಜ್ಞಾಪಿಸಿ, ಅವರು ಧುಮುಕಿದರೆ ಸಂತೋಷಪಡುವ ಇವನಲ್ಲಿ ಭರತನ ಶಕಾರಲಕ್ಷಣವು ಅಕ್ಷರಕ್ಕೆ ಅಕ್ಷರ ಸಮನ್ವಯವಾಗುತ್ತದೆ. ಮಕ್ಕಳು ಇವನಿಗೆ ಹೆದರಿಯೂ ಇವನನ್ನು ಕಂಡು ನಕ್ಕದ್ದು ಆದುದರಿಂದಲೇ.

ಈ ಸಂಬಂಧವನ್ನು ನಾನು ಬಲಾತ್ಕಾರದಿಂದ ಕಲ್ಪಿಸುತ್ತಿರುವೆನೆಂದು ಶಂಕಿಸುವವರಿಗೆ ಒಂದು ಸಂಗತಿಯನ್ನು ನಿವೇದಿಸುವೆನು. ೧೯೮೪ರಲ್ಲಿ, ಎಂದರೆ ಮೊಗ್ಯಾಂಬೋನಿಗೆ ಮೂರು ವರ್ಷ ಮುಂಚೆ, ನಮ್ಮವರೇ ಆದ ಗಿರೀಶ ಕಾರ್ನಾಡರು ಮೃಚ್ಛಕಟಿಕವನ್ನು ಆಧರಿಸಿ ‘ಉತ್ಸವ್’ ಎಂಬ ಹಿಂದೀ ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಸಂಸ್ಥಾನಕನ ಪಾತ್ರವನ್ನು ವಹಿಸಿದವರು ಶಶಿ ಕಪೂರರು. ಹಿಂದೀ ಚಿತ್ರಗಳ ಪ್ರಿಯನಾಯಕರು, ಆ ಚಿತ್ರದ ನಿರ್ಮಾಪಕರು. ಶೂದ್ರಕನ ಶಕಾರನಿಗೂ ಮುಂಬಯಿಯ ಚಿತ್ರಶಾಲೆಗೂ ನಡುವೆ ಹಾದಿಯೇ ಇರಲಿಲ್ಲವೆಂದು ಇನ್ನು ಹೇಳುವಂತಿಲ್ಲ.

ಇದುವರೆಗೆ ಗುಣಪಕ್ಷವಾಯಿತು. ದೋಷಪಕ್ಷವನ್ನು ಹೇಳದೆ ಬಿಟ್ಟರೆ ಲೇಖನವು ಸ್ತುತಿಪಾಠವಾದೀತು. ವೇಷದಿಂದ ಪಾಪವನ್ನು ಸೂಚಿಸುವ ಈ ಪದ್ಧತಿಯಲ್ಲಿ ಒಂದು ಘೋರವಾದ ಅನ್ಯಾಯವಿದೆ: ಯಾವ ವೇಷವು ಪಾಪದ ಚಿಹ್ನೆಯಾಯಿತೋ ಅದನ್ನು ನಿತ್ಯಜೀವನದಲ್ಲಿ ಸಹಜವಾಗಿ ಧರಿಸುವ ಜನರು ನಿಜಲೋಕದಲ್ಲಿದ್ದಾರೆ. ಗೌನು ತೊಟ್ಟ ಹೆಂಗಸು ಖಳನ ಪಕ್ಕದಲ್ಲಿ ಕುಳಿತೇ ಇರಬೇಕು. ಅವಳಿಗೂ ಖಳನ ಬಂಟನಿಗೂ ಕ್ರೈಸ್ತರ ಹೆಸರಿರಬೇಕು. ಈ ನಿಯಮವು ಹತ್ತಾರು ವರ್ಷ ನಡೆಯಿತು. ಗೌನು ತೊಟ್ಟು ಗೌರವದಿಂದ ಶಾಲೆಯಲ್ಲಿ ಪಾಠಹೇಳಿಯೋ ಆಸ್ಪತ್ರೆಯಲ್ಲಿ ಸೇವೆಮಾಡಿಯೋ ಬದುಕಿದ ಎಷ್ಟೋ ಹೆಣ್ಣುಮಕ್ಕಳು ಇದರ ಕಹಿಯನ್ನು ಉಂಡಿರಬೇಕು. ೧೯೯೧ರ ‘ಸಡಕ್’ ಚಿತ್ರದಲ್ಲಿ ಸದಾಶಿವ ಅಮರಾಪುರಕರರು ಸೀರೆಯುಟ್ಟು ‘ಮಹಾರಾಣಿ’ಯೆಂಬ ವೇಶ್ಯಾಗೃಹದ ಒಡತಿಯಾಗಿ ಅಭಿನಯಿಸಿದರು. ಅಭಿನಯವು ಅಸಾಧಾರಣವಾದುದು, ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಖಳಪಾತ್ರಕ್ಕಾಗಿ ಹೊಸದಾಗಿ ಏರ್ಪಟ್ಟ ಪುರಸ್ಕಾರವು ಮೊದಲು ಸಂದುದು ಅದಕ್ಕೇ. ಆದರೆ ಗಂಡಸಿನ ಮೈಮೇಲಿನ ಸೀರೆಯೇ ಭಯಕ್ಕೆ ಕಾರಣವೆಂಬಂತೆ ತೋರಿಸಿದ ಆ ಚಿತ್ರವು, ಮೊದಲೇ ಬೀದಿಯಲ್ಲಿ ಅವಮಾನವನ್ನು ಸಹಿಸುತ್ತಿದ್ದ ಹಿಜಡಾ ಸಮುದಾಯದವರ ತಲೆಯ ಮೇಲೆ ಮತ್ತೊಂದು ಹೊರೆಯನ್ನು ಹೊರಿಸಿತು. ೧೯೯೨ರ ‘ತಹಲ್ಕಾ’ದ ಜನರಲ್ ಡಾಂಗ್ ಮೊದಲಾದ ಪಾತ್ರಗಳಲ್ಲಿ ಪೂರ್ವದೇಶದವರ ಹೆಸರೂ ಚಹರೆಯೂ ಇದೇ ಗತಿಯನ್ನು ಕಂಡುವು.

ಈ ದೋಷವು ಚಲಚ್ಚಿತ್ರದವರು ಹೊಸದಾಗಿ ಸೃಷ್ಟಿಸಿದುದಲ್ಲವೆಂಬುದನ್ನೂ ಹೇಳಬೇಕು. ಆಹಾರ್ಯಾಧ್ಯಾಯದಲ್ಲಿಯೇ ಭರತನು ಜನಪದಗಳಿಗೆ ಮೈಬಣ್ಣವನ್ನು ಹಂಚಿರುವನು. ಶಕರಿಗೂ ಯವನರಿಗೂ ಗೌರವರ್ಣ. ಕಿರಾತರು, ಬರ್ಬರರು, ಆಂಧ್ರರು, ದ್ರಮಿಳರು, ಪುಳಿಂದರು, ದಾಕ್ಷಿಣಾತ್ಯರು ಇವರಿಗೆ ಪ್ರಾಯಶಃ ಕಪ್ಪು. ದಾಕ್ಷಿಣಾತ್ಯರೆಂಬ ಮಾತಿನಲ್ಲಿ ಈ ಲೇಖಕನೂ ವಾಚಕರಲ್ಲಿ ಬಹುಮಂದಿಯೂ ಸೇರುವರಾಗಿ, ನಮ್ಮ ಪಾಲಿಗೆ ಬಂದ ಬಣ್ಣವನ್ನು ನಾವು ಮುಗುಳುನಗೆಯಿಂದ ಸ್ವೀಕರಿಸಬಹುದು. ಮುನಿಯು ಇಲ್ಲಿ ಯಾರನ್ನೂ ನಿಂದಿಸುತ್ತಿಲ್ಲ, ಬಣ್ಣದವನಿಗೆ ಸೂಚನೆ ಕೊಡುತ್ತಿದ್ದಾನಷ್ಟೆ. ಆದರೆ ಒಂದು ಜನಾಂಗಕ್ಕೆ ಒಂದು ಬಣ್ಣವೆಂದು ನೇಪಥ್ಯದಲ್ಲಿ ನಿಶ್ಚಯವಾದ ಮೇಲೆ, ಆ ಬಣ್ಣಕ್ಕೆ ಒಂದು ಶೀಲವನ್ನು ಅಂಟಿಸುವುದು ಬಹಳ ದೂರದ ಮಾತಲ್ಲ. ಈ ದೃಷ್ಟಿಯಿಂದ ಮೊಗ್ಯಾಂಬೋನ ವೇಷವೇ ನಿರ್ದೋಷವಾದುದೆಂದು ನನ್ನ ಅಭಿಪ್ರಾಯ. ಅದು ಯಾವ ದೇಶದ್ದೂ ಅಲ್ಲವಾದುದರಿಂದ ಅದರಿಂದ ಯಾರ ಮನೆಯ ಮಕ್ಕಳಿಗೂ ಬೀದಿಯಲ್ಲಿ ಅಪಹಾಸ್ಯವಾಗಲಿಲ್ಲ.

ಇನ್ನು ಈ ಆಹಾರ್ಯದ ಅವನತಿಯನ್ನು ಸಂಕ್ಷೇಪವಾಗಿ ಹೇಳುವೆನು. ೧೯೯೧ರಲ್ಲಿ ಆರ್ಥಿಕನೀತಿಯು ಬದಲಾಗಿ ಆಮದಿನ ಕಟ್ಟುಗಳು ಸಡಿಲವಾದುವು. ಅದಕ್ಕೆ ಹಿಂದಿನ ವರ್ಷವೇ ಸುವರ್ಣದ ಅಧಿನಿಯಮವೂ ಹೋಗಿತ್ತು. ಹೊರದೇಶದ ಬಟ್ಟೆಯು ಅಂಗಡಿಯಲ್ಲಿ ತೂಗುವಂತಾದ ಮೇಲೆ ಅದು ಪಾಪಕ್ಕೆ ಸಾಕ್ಷಿ ನುಡಿಯಲಾರದು. ೧೯೯೪ರ ‘ಅಂದಾಜ್ ಅಪ್ನಾ ಅಪ್ನಾ’ದಲ್ಲಿ ಶಕ್ತಿ ಕಪೂರರ ಗೋಗೋ ಎಂಬ ಖಳನು ತಾನು ಮೊಗ್ಯಾಂಬೋನ ಸೋದರನ ಮಗನೆಂದು ಜಂಬಕೊಚ್ಚಿಕೊಳ್ಳುವನು. ರಾಜಶ್ಯಾಲನಾದ ಶಕಾರನು ರಾಜನ ನಂಟನ್ನು ಹೇಳಿ ಹೆದರಿಸಿದಂತೆಯೇ ಇದು; ಆದರೆ ಇಲ್ಲಿ ಹೆದರುವವರಿಲ್ಲ, ಎಲ್ಲರೂ ನಗುವವರೇ. ಪ್ರಹಸನಕ್ಕೆ ವಸ್ತುವಾದ ವೇಷವು ವೀರರಸಕ್ಕೆ ಮರಳುವುದು ಕಷ್ಟ. ಅನಂತರದ ಚಿತ್ರಗಳಲ್ಲಿ ನಾಯಕನೇ ಬೆಲೆಬಾಳುವ ಉಡುಪನ್ನು ತೊಡತೊಡಗಿದನು. ಖಳನು ಎಲ್ಲರಂತೆ ಬಟ್ಟೆ ತೊಟ್ಟು ಕಚೇರಿಯಲ್ಲಿ ಕುಳಿತನು, ಅಥವಾ ಇಲ್ಲವೇ ಆದನು.

ಈಚೆಗೆ ಹಳೆಯ ಆಹಾರ್ಯವು ಮತ್ತೆ ತಲೆಯೆತ್ತಿದೆ. ಅದೂ ಕನ್ನಡದ ಚಿತ್ರವೊಂದರಲ್ಲಿ. ಪ್ರಶಾಂತ್ ನೀಲರು ನಿರ್ದೇಶಿಸಿದ, ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಹೊತ್ತ ‘ಕೆ.ಜಿ.ಎಫ್.’ ಚಿತ್ರದ ಎರಡನೆಯ ಭಾಗವು ೨೦೨೨ರ ಏಪ್ರಿಲ್ ೧೪ರಂದು ತೆರೆಕಂಡಿತು. ಅದರಲ್ಲಿ ಸಂಜಯ ದತ್ತರ ಅಧೀರನು ಜಡೆಗಳನ್ನು ಹೆಣೆದುಕೊಂಡು, ತಲೆಗೆ ಹಚ್ಚೆ ಹಾಕಿಸಿಕೊಂಡು, ಕವಚವನ್ನು ಧರಿಸಿ, ಭಾರಿಯಾದ ಖಡ್ಗವನ್ನು ಹಿಡಿದು ಬರುವನು. ಇವನು ಬಣ್ಣದ ವೇಷದವನೇ, ಸಂಶಯವಿಲ್ಲ. ಆದರೆ ಅವನೆದುರು ನಿಂತ ನಾಯಕ ರಾಕಿಯು, ಯಶ್ ಅವರು ಅಭಿನಯಿಸಿದ ಪಾತ್ರ, ಕಳ್ಳಸಾಗಣೆಯ ಚಿನ್ನಕ್ಕೆ ಒಡೆಯ. ಅವನ ಮೈಮೇಲೆ ಬೆಲೆಬಾಳುವ ಸೂಟು. ಸುತ್ತಲೂ ಉಸಿರು ಬಿಗಿಹಿಡಿದ ಅನುಚರರು. ಅವನಿಗೂ ಒಂದು ಒಡ್ಡೋಲಗ. ಧನಂಜಯನು ಪ್ರತಿನಾಯಕನಿಗೆಂದು ಎತ್ತಿಟ್ಟ ದರ್ಪವೂ ಆತ್ಮಪ್ರಶಂಸೆಯೂ ಎರಡು ಕಡೆಯಲ್ಲಿಯೂ ಇವೆ. ಚಾರುದತ್ತನ ಪ್ರಾವಾರಕವು ಮಾತ್ರ ರಂಗದಲ್ಲಿ ಯಾರ ಹೆಗಲ ಮೇಲೆಯೂ ಕಾಣಬರುವುದಿಲ್ಲ.